ಚಂದಾ ನಿಂತರೆ ಸಂಘದ ಲೆಕ್ಕಪತ್ರಕ್ಕೂ ಬೀಗವೇ?

ಉಪನಗರದ ಕನ್ನಡ ಸಂಘವೊಂದರ ವಾರ್ಷಿಕ ಮಹಾಸಭೆ. ಗತ ವರ್ಷದ ವರದಿ ವಾಚನ ಮುಗಿದು ಗೌರವ ಕೋಶಾಧಿಕಾರಿಗಳು ಆಯವ್ಯಯ ಪತ್ರ ಮಂಡಿಸುತ್ತಿದ್ದಂತೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು.

"ಕಂಪ್ಯೂಟರಿನ ಸಾಫ್ಟ್‌ವೇರ್ ಹೋದ ವರ್ಷವೇ ತೆಗೊಂಡಾಗಿದೆಯಲ್ಲ? ಅದೇ ಬಾಬ್ತು ಈ ವರ್ಷದ ಖರ್ಚಿನಲ್ಲಿ ಮತ್ತೆ ಯಾಕೆ ಬಂತು?"

"ಅಣ್ಣಾ, ಅದು ತೆಗೊಂಡದ್ದಲ್ಲ, ಚಂದಾ. ಪ್ರತಿ ವರ್ಷ ಕಟ್ಟಬೇಕು."

"ಕಟ್ಟದಿದ್ದರೆ?"

"ತೆರೆಯುವುದಿಲ್ಲ."

"ಏನು ತೆರೆಯುವುದಿಲ್ಲ? ಸಾಫ್ಟ್‌ವೇರಾ, ನಮ್ಮ ಲೆಕ್ಕವಾ?"

ಕೋಶಾಧಿಕಾರಿಗಳ ಬಳಿ ಉತ್ತರವಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು. ಊಟದ ಹೊತ್ತು ಮೀರುತ್ತಿತ್ತು. ಲೆಕ್ಕಪತ್ರಕ್ಕೆ ಸರ್ವಾನುಮತದ ಮಂಜೂರಾತಿ ದೊರೆಯಿತು, ಹಿರಿಯರ ಪ್ರಶ್ನೆ ಹಾಗೆಯೇ ಉಳಿಯಿತು.

ಹೊರನಾಡಿನ ಸಂಘ ಸಂಸ್ಥೆಗಳು, ಸಣ್ಣ ಮುದ್ರಣಾಲಯಗಳು, ಹೋಟೆಲು, ಅಂಗಡಿ, ಪತಸಂಸ್ಥೆಗಳು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು. ತಂತ್ರಾಂಶವನ್ನು ಒಮ್ಮೆ ಹಣ ಕೊಟ್ಟು ತರುವ ಕಾಲ ಹಿಂದೆ ಸರಿದು, ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟಿ ಅಂತರ್ಜಾಲದ ಮೂಲಕ ಬಳಸುವ ಕಾಲ ಬಂದಿದೆ. ಈ ಬದಲಾವಣೆಯನ್ನು ಬೈದು ಪ್ರಯೋಜನವಿಲ್ಲ, ಕಣ್ಣು ಮುಚ್ಚಿ ಒಪ್ಪುವುದೂ ಸರಿಯಲ್ಲ.

ಪಗಡಿ ಮನೆ, ಹನ್ನೊಂದು ತಿಂಗಳ ಮನೆ

ಹಿಂದೆ ಅಂಗಡಿಯಿಂದ ತಂತ್ರಾಂಶದ ಪೆಟ್ಟಿಗೆ ಬರುತ್ತಿತ್ತು. ಒಳಗೆ ಸಿಡಿ, ಅದರ ಜೊತೆ ಒಂದು ನಂಬರು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಆ ಕಂಪ್ಯೂಟರು ಬದುಕಿರುವವರೆಗೂ ಕೆಲಸ ಸಾಗುತ್ತಿತ್ತು. ಆಗಲೂ ಗ್ರಾಹಕನು ಅದರ ಮಾಲೀಕನೇನೂ ಆಗಿರಲಿಲ್ಲ. ಅವನಿಗೆ ಸಿಗುತ್ತಿದ್ದುದು ಬಳಸುವ ಪರವಾನಗಿ ಮಾತ್ರ. ಆದರೆ ಆ ಪರವಾನಗಿಗೆ ಕೊನೆಯ ದಿನಾಂಕ ಇರಲಿಲ್ಲ.

ಮುಂಬಯಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಪದ್ಧತಿ ಪಗಡಿ ಮನೆಯಿದ್ದಂತೆ. ಕಟ್ಟಡ ಯಾರದ್ದೋ ಇರಲಿ, ಒಳಗಿದ್ದವನನ್ನು ಸುಲಭವಾಗಿ ಹೊರಗೆ ಹಾಕುವಂತಿಲ್ಲ. ಹೊಸ ಪದ್ಧತಿಯೆಂದರೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್. ಮನೆ ಚೆನ್ನಾಗಿರಬಹುದು, ಲಿಫ್ಟ್ ಇರಬಹುದು, ನೀರು ದಿನವಿಡೀ ಬರಬಹುದು. ಆದರೆ ಕರಾರು ಮುಗಿದ ದಿನ ಬಾಡಿಗೆ ಏರುವುದು ಅಥವಾ ಸಾಮಾನು ಕಟ್ಟಬೇಕಾಗುವುದು ಖಚಿತ.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಕಂಪೆನಿ, ವ್ಯಾಪಾರಸ್ಥರ ಗ್ರಾಹಕ ದಾಖಲೆಗಳನ್ನು ಅಂತರ್ಜಾಲದಲ್ಲಿಯೇ ಇಟ್ಟು ನಡೆಸುವ ಸೇವೆಯನ್ನು ಚಂದಾ ಮೇಲೆ ಕೊಡತೊಡಗಿತು. 2011ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಆಫೀಸ್ 365 ಅನ್ನು ತಂದಿತು. ಫೋಟೋಶಾಪ್ ಮತ್ತು ಇನ್‌ಡಿಸೈನ್‌ಗಳ ಒಡೆಯನಾದ ಅಡೋಬ್ ಕಂಪೆನಿಯು 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿತು. 2012ರ ಸಿಎಸ್6 ಆವೃತ್ತಿಯೇ ಒಮ್ಮೆ ಹಣ ಕೊಟ್ಟು ಪಡೆಯಬಹುದಾದ ಕೊನೆಯ ಸರಣಿಯಾಯಿತು. ಬಳಕೆದಾರರು ಸಾವಿರಾರು ಸಂಖ್ಯೆಯಲ್ಲಿ ಸಹಿ ಹಾಕಿ ಪ್ರತಿಭಟಿಸಿದರೂ ಕಂಪೆನಿ ಹಿಂದೆ ಸರಿಯಲಿಲ್ಲ. ಹಿಂದೆ ಸರಿಯುವ ಕಾರಣವೂ ಅದಕ್ಕಿರಲಿಲ್ಲ. 2013ರಲ್ಲಿ ಸುಮಾರು 400 ಕೋಟಿ ಡಾಲರ್ ಇದ್ದ ಅದರ ವಾರ್ಷಿಕ ಆದಾಯ 2024ರಲ್ಲಿ ಸುಮಾರು 2,150 ಕೋಟಿ ಡಾಲರಿಗೆ ಏರಿತು.

ಕಂಪೆನಿಗಳ ಮಾತಿನಲ್ಲೂ ಹುರುಳಿದೆ

ಕಂಪೆನಿಗಳದ್ದು ಬರೀ ದುರಾಸೆ ಎಂದುಬಿಡುವುದು ಸುಲಭ. ಸಂಘಗಳ ಕೋಶಾಧಿಕಾರಿಗಳು ಮಾತ್ರ ಹಾಗೆ ಹೇಳಲಾರರು, ಏಕೆಂದರೆ ಆಜೀವ ಸದಸ್ಯತ್ವದ ಕಷ್ಟ ಅವರಿಗೆ ಗೊತ್ತು. ಮೂವತ್ತು ವರ್ಷಗಳ ಹಿಂದೆ ಕೆಲವು ನೂರು ರೂಪಾಯಿ ಕೊಟ್ಟು ಆಜೀವ ಸದಸ್ಯರಾದವರಿಗೆ ಇಂದಿಗೂ ಆಮಂತ್ರಣ ಕಳುಹಿಸಬೇಕು, ಊಟ ಹಾಕಬೇಕು, ಸ್ಮರಣ ಸಂಚಿಕೆ ಕೊಡಬೇಕು. ಬಂದ ಹಣ ಎಂದೋ ಕರಗಿದೆ, ಖರ್ಚು ಮಾತ್ರ ವರ್ಷವರ್ಷವೂ ಏರುತ್ತಿದೆ. ತಂತ್ರಾಂಶ ಕಂಪೆನಿಗಳ ಸ್ಥಿತಿಯೂ ಹಾಗೆಯೇ ಇತ್ತು. ಒಮ್ಮೆ ಮಾರಿದ ಸರಕಿಗೆ ಹಲವು ವರ್ಷ ದುರಸ್ತಿ ಮಾಡಿಕೊಡಬೇಕು, ಹೊಸ ವೈರಸ್ಸುಗಳಿಂದ ಕಾಪಾಡಬೇಕು. ಹೊಸ ಆವೃತ್ತಿ ಮಾರಾಟವಾದರೆ ಮಾತ್ರ ಮತ್ತೆ ಆದಾಯ.

ಬಳಸುವವರಿಗೂ ಚಂದಾ ಪದ್ಧತಿಯಿಂದ ಅನುಕೂಲಗಳಿವೆ. ಹೊಸದಾಗಿ ಕೆಲಸ ಆರಂಭಿಸುವ ಯುವಕನಿಗೆ ದೊಡ್ಡ ಮೊತ್ತ ಒಮ್ಮೆಲೇ ಹೊಂದಿಸುವ ಕಷ್ಟವಿಲ್ಲ. ಜಿಎಸ್‌ಟಿ ನಿಯಮ ಬದಲಾದರೆ ತಂತ್ರಾಂಶವೂ ತಾನಾಗಿ ಬದಲಾಗುತ್ತದೆ. ಮುಂಬಯಿಯಲ್ಲಿ ಬರೆದಿಟ್ಟ ಲೆಕ್ಕವನ್ನು ಊರಿಗೆ ಹೋದ ಹೋಟೆಲ್ ಮಾಲೀಕರು ಉಡುಪಿಯಲ್ಲಿ ಕುಳಿತು ನೋಡಬಹುದು. ಕಂಪ್ಯೂಟರ್ ಕೆಟ್ಟರೂ, ಮಳೆನೀರು ಕಚೇರಿಗೆ ನುಗ್ಗಿದರೂ ದಾಖಲೆ ಉಳಿಯುತ್ತದೆ. 2005ರ ಜುಲೈ 26ರ ಮಹಾಮಳೆಯನ್ನು ಕಂಡ ಮುಂಬಯಿಗರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ನೂರು ರೂಪಾಯಿಗೆ ಸಿಗುತ್ತಿದ್ದ ಕಳ್ಳ ಸಿಡಿಯಿಂದ ಕೆಲಸ ಸಾಗಿಸಿದವರು ಕಡಿಮೆಯೇನಲ್ಲ. ಪರವಾನಗಿಗೆ ಎಂದೂ ಹಣ ಕೊಡದವರು, ಪರವಾನಗಿ ಪದ್ಧತಿ ಹೋಯಿತೆಂದು ಕಣ್ಣೀರು ಹಾಕುವುದು ಅಷ್ಟು ಶೋಭಿಸುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ

ಆದರೂ ಲೆಕ್ಕ ಲೆಕ್ಕವೇ. ಉದಾಹರಣೆಗೆ, ಒಂದು ತಂತ್ರಾಂಶಕ್ಕೆ ಒಮ್ಮೆಗೇ 18,000 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ಶೇ. 18ರ ಜಿಎಸ್‌ಟಿ ಸೇರಿ 21,240 ಆಗುತ್ತದೆ. ಅದೇ ಕೆಲಸಕ್ಕೆ ವರ್ಷಕ್ಕೆ 6,000 ಚಂದಾ ಎಂದಾದರೆ ತೆರಿಗೆ ಸೇರಿ 7,080. ಮೂರು ವರ್ಷಕ್ಕೆ ಎರಡೂ ಸಮ. ಒಂದೇ ತಂತ್ರಾಂಶವನ್ನು ಎಂಟು ವರ್ಷ ಬಳಸುವ ಸಂಘಕ್ಕೆ ಚಂದಾ ಲೆಕ್ಕದಲ್ಲಿ 56,640 ರೂಪಾಯಿ ಬೀಳುತ್ತದೆ. ಅದೂ ದರ ಏರದಿದ್ದರೆ. ವ್ಯಾಪಾರಸ್ಥರು ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಸಂಘಕ್ಕೆ ಆ ದಾರಿಯಿಲ್ಲ.

ಹಿಂದೆ ತಂತ್ರಾಂಶ ಆಸ್ತಿಯ ಕಡೆ ಬರುತ್ತಿತ್ತು, ವರ್ಷವರ್ಷ ಸವಕಳಿ ಕಳೆದು ಕ್ರಮೇಣ ಕರಗುತ್ತಿತ್ತು. ಈಗ ಅದು ವಿದ್ಯುತ್ ಬಿಲ್ಲಿನ ಹಾಗೆ ಖರ್ಚಿನ ಕಡೆ ಕುಳಿತಿದೆ. ದೇಣಿಗೆ ಚೆನ್ನಾಗಿ ಬಂದ ವರ್ಷ ಒಂದು ಒಳ್ಳೆಯ ವಸ್ತು ತಂದಿಟ್ಟುಕೊಂಡು, ಬಾರದ ವರ್ಷ ಅದರಲ್ಲೇ ಸುಧಾರಿಸುವುದು ಸಂಘಗಳ ರೂಢಿ. ಚಂದಾ ಪದ್ಧತಿಯಲ್ಲಿ ಈ ಸುಧಾರಿಸುವಿಕೆಗೆ ಜಾಗವಿಲ್ಲ. ಜಾಹೀರಾತು ಬಾರದ ವರ್ಷವೂ ಕಂತು ಬರುತ್ತದೆ.

ಮಧ್ಯದಲ್ಲಿ ಬಿಡುವುದೂ ಕೆಲವೊಮ್ಮೆ ಸುಲಭವಲ್ಲ. ಅಮೆರಿಕದ ಸರ್ಕಾರವೇ 2024ರ ಜೂನ್‌ನಲ್ಲಿ ಅಡೋಬ್ ಮೇಲೆ ದಾವೆ ಹೂಡಿತು. ತಿಂಗಳ ಕಂತಿನಂತೆ ಕಾಣುವ ವಾರ್ಷಿಕ ಕರಾರನ್ನು ಮೊದಲ ವರ್ಷದಲ್ಲೇ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ದಂಡ ಬೀಳುತ್ತದೆ, ಅದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲ ಎಂಬುದು ಆರೋಪವಾಗಿತ್ತು. ಕಂಪೆನಿ ಅದನ್ನು ನಿರಾಕರಿಸಿತು. ಭಾರತದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಠಿಣಗೊಳಿಸುವುದನ್ನು ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಬೀಗದ ಕೈ ಎಲ್ಲಿದೆ?

ಹಣದ ಮಾತು ಹೀಗಾಯಿತು. ಅದಕ್ಕಿಂತ ದೊಡ್ಡ ಮಾತು ಬೀಗದ ಕೈಯದ್ದು. ಮುಂಬಯಿಯಲ್ಲಿ ಕೇಂದ್ರ ಕಚೇರಿಯಿರುವ ನಯಾರಾ ಎನರ್ಜಿ ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ಕಂಪೆನಿ. ರಷ್ಯಾದ ರೋಸ್‌ನೆಫ್ಟ್ ಅದರಲ್ಲಿ ಶೇ. 49ರಷ್ಟು ಪಾಲು ಹೊಂದಿದೆ ಎಂಬ ಕಾರಣಕ್ಕೆ 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪೆನಿಗೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ನೌಕರರ ಇ-ಮೇಲ್ ನಿಂತಿತು, ತನ್ನದೇ ದಾಖಲೆಗಳನ್ನು ಕಂಪೆನಿ ಮುಟ್ಟದಂತಾಯಿತು. ಪೂರ್ತಿ ಹಣ ಕಟ್ಟಿದ್ದೇವೆ ಎಂದು ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ತಿಂಗಳ ಕೊನೆಯ ಹೊತ್ತಿಗೆ ಸೇವೆ ಮತ್ತೆ ದೊರೆಯಿತು.

ಆ ಕಂಪೆನಿಯ ರಾಜಕೀಯ ಏನೇ ಇರಲಿ, ಪಾಠ ಸ್ಪಷ್ಟ. ಅದು ಚಂದಾ ತಪ್ಪಿಸಿರಲಿಲ್ಲ, ಭಾರತದ ಕಾನೂನನ್ನೂ ಮುರಿದಿರಲಿಲ್ಲ. ಆದರೂ ದೂರದ ಊರಿನ ತೀರ್ಮಾನವೊಂದು ಇಲ್ಲಿನ ಕಚೇರಿಯ ಬಾಗಿಲು ಮುಚ್ಚಿತು. ಅವರ ಬಳಿ ವಕೀಲರಿದ್ದರು, ಹೈಕೋರ್ಟಿಗೆ ಹೋಗುವ ತಾಕತ್ತಿತ್ತು. ಇನ್ನೂರು ಸದಸ್ಯರ ಕನ್ನಡ ಸಂಘಕ್ಕೆ ಬಾಗಿಲು ಮುಚ್ಚಿದರೆ ಅದು ಯಾರ ಮೆಟ್ಟಿಲೇರೀತು?

ಸಂಘಗಳಿಗೆ ಐರೋಪ್ಯ ಒಕ್ಕೂಟದ ಭಯ ಬೇಕಾಗಿಲ್ಲ. ಬಾಗಿಲು ಮುಚ್ಚಲು ಮನೆಯ ಒಳಗೇ ಸಾಕಷ್ಟು ಕಾರಣಗಳಿವೆ. ಎಷ್ಟೋ ಕಡೆ ಚಂದಾ ಇರುವುದು ಕಾರ್ಯದರ್ಶಿಗಳ ಸ್ವಂತ ಇ-ಮೇಲ್ ಹೆಸರಿನಲ್ಲಿ. ಹಣ ಹೋಗುವುದು ಕೋಶಾಧಿಕಾರಿಗಳ ಮಗನ ಕ್ರೆಡಿಟ್ ಕಾರ್ಡಿನಿಂದ. ಎರಡು ವರ್ಷಕ್ಕೆ ಕಾರ್ಯಕಾರಿ ಸಮಿತಿ ಬದಲಾಗುತ್ತದೆ. ಕಾರ್ಯದರ್ಶಿಗಳು ನಿವೃತ್ತರಾಗಿ ಊರಿಗೆ ಹೋಗುತ್ತಾರೆ, ಮಗ ದುಬೈಗೆ ಹೋಗುತ್ತಾನೆ, ಕಾರ್ಡಿನ ಅವಧಿ ಮುಗಿಯುತ್ತದೆ. ಹೊಸ ಸಮಿತಿಯವರು ಕಂಪ್ಯೂಟರ್ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ. ಚಂದಾ ನಿಂತ ಮೇಲೆ ಕೆಲವು ಸೇವೆಗಳು ಹಳೆಯ ಕಡತ ಓದಲಷ್ಟೇ ಬಿಡುತ್ತವೆ. ಕೆಲವು ನಿಗದಿತ ದಿನ ಕಾದು ಎಲ್ಲವನ್ನೂ ಅಳಿಸಿಹಾಕುತ್ತವೆ. ಇದು ಮೋಸವಲ್ಲ, ಯಾರೂ ಓದದೆ ಒಪ್ಪಿದ ಕರಾರಿನಲ್ಲಿಯೇ ಇರುವ ಮಾತು. ಲೆಕ್ಕಪರಿಶೋಧಕರು ಹಳೆಯ ವರ್ಷದ ಲೆಕ್ಕ ಕೇಳಿದಾಗ, ಚಾರಿಟಿ ಕಮಿಷನರ್ ಕಚೇರಿಯಿಂದ ಪತ್ರ ಬಂದಾಗ, "ಚಂದಾ ಮುಗಿದಿದೆ" ಎಂಬ ಉತ್ತರ ನಡೆಯುವುದಿಲ್ಲ.

ಪತ್ರಿಕೆಗಳಿಗೂ ಚಂದಾ ಇದೆ. ಚಂದಾ ನಿಂತರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೇ. ಹಳೆಯ ಸಂಚಿಕೆಗಳನ್ನು ಕಪಾಟಿನಿಂದ ಒಯ್ಯಲು ಯಾರೂ ಬರುವುದಿಲ್ಲ. ತಂತ್ರಾಂಶದ ಚಂದಾಕ್ಕೂ ಇದೇ ನ್ಯಾಯ ಸಲ್ಲಬೇಕು. ಹೊಸ ಸೌಲಭ್ಯ ನಿಲ್ಲಲಿ, ಸಂಘದವರು ಕೈಯಾರೆ ಬರೆದದ್ದು ಸಂಘದ ಬಳಿಯೇ ಉಳಿಯಬೇಕು.

ಮಧ್ಯದ ದಾರಿ ಇದೆ

ಇದು ಆಗದ ಮಾತೇನಲ್ಲ. ಗೋಯೆಂಕಾ ತಂದೆ ಮಗ 1986ರಲ್ಲಿ ಆರಂಭಿಸಿದ, ಬೆಂಗಳೂರಿನಲ್ಲಿ ನೆಲೆಸಿರುವ ಕಂಪೆನಿಯ ಟ್ಯಾಲಿ ಅನೇಕ ಸಂಘಗಳಿಗೂ ಹೋಟೆಲುಗಳಿಗೂ ಪರಿಚಿತ. ಅದರ ಶಾಶ್ವತ ಪರವಾನಗಿ ಪಡೆದವರು ಹೊಸ ಆವೃತ್ತಿ ಮತ್ತು ಸೇವೆಗಾಗಿ ಪ್ರತಿ ವರ್ಷ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹೊಸದು ಸಿಗುವುದಿಲ್ಲ, ಇದ್ದದ್ದು ತೆರೆಯುತ್ತದೆ. ಕಂಪೆನಿಗೂ ವರ್ಷದ ಆದಾಯ, ಗ್ರಾಹಕನಿಗೂ ನೆಮ್ಮದಿ. ಬಾಡಿಗೆಗೆ ಬೇಕೆನ್ನುವವರಿಗೆ ಅದೂ ಇದೆ. ಮೈಕ್ರೋಸಾಫ್ಟ್ ಕೂಡ ಒಮ್ಮೆ ಹಣ ಕೊಟ್ಟು ಪಡೆಯುವ ಆಫೀಸ್ 2024 ಅನ್ನು ಚಂದಾದ ಜೊತೆಜೊತೆಗೇ ಮಾರಿದೆ. ಕೇಳುವವರಿಗಷ್ಟೇ ಅದು ಗೊತ್ತು.

ಸ್ಮರಣ ಸಂಚಿಕೆಗಳ ವಿಷಯ ಸ್ವಲ್ಪ ಬೇರೆ. ಮಹಾನಗರದ ಸಣ್ಣ ಡಿಟಿಪಿ ಅಂಗಡಿಗಳು ಬಹುಕಾಲ ಪೇಜ್‌ಮೇಕರ್‌ನಲ್ಲಿ ಕನ್ನಡ ಪುಟ ಕಟ್ಟಿದವು. 2001ರ 7.0 ಅದರ ಕೊನೆಯ ಮುಖ್ಯ ಆವೃತ್ತಿ. ಅಂದಿನ ಫೈಲುಗಳು ಇಂದಿನ ಕಂಪ್ಯೂಟರುಗಳಲ್ಲಿ ನೇರವಾಗಿ ತೆರೆಯುವುದು ಕಷ್ಟ. ತೆರೆದರೂ ಹಳೆಯ ಫಾಂಟುಗಳ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಂದರೆ ಹಣ ಕೊಟ್ಟು ತಂದದ್ದೂ ಶಾಶ್ವತವಲ್ಲ. ಬೆಳ್ಳಿಹಬ್ಬದ ಸಂಚಿಕೆಯ ಲೇಖನಗಳನ್ನು ಸುವರ್ಣ ಸಂಚಿಕೆಗೆ ಮತ್ತೆ ಬಳಸಲು ಹೊರಟವರು ಅವನ್ನು ಮೊದಲಿಂದ ಟೈಪು ಮಾಡಿಸಬೇಕಾಗುತ್ತದೆ. ಕಾಲ ಬದಲಾದರೂ ಉಳಿಯುವುದು ಎರಡೇ: ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್ ಕನ್ನಡದ ಪಠ್ಯ ಮತ್ತು ಪಿಡಿಎಫ್ ಪ್ರತಿ.

ಕನ್ನಡದ ಮಟ್ಟಿಗೆ ಒಂದು ಸಮಾಧಾನವೂ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಉಚಿತವಾಗಿ ಸಿಕ್ಕಿತು. ಶೇಷಾದ್ರಿವಾಸು ಅವರ ಬರಹ ವಿದೇಶದಲ್ಲಿದ್ದ ಕನ್ನಡಿಗರ ಕೈಗೂ ಕನ್ನಡದ ಅಕ್ಷರ ಕೊಟ್ಟಿತು. ಪತ್ರ, ವರದಿ, ಸದಸ್ಯರ ಪಟ್ಟಿಗೆ 2010ರಲ್ಲಿ ಆರಂಭವಾದ ಲಿಬ್ರೆ ಆಫೀಸ್ ಸಾಕು. ಅದಕ್ಕೆ ಚಂದಾ ಇಲ್ಲ, ಕನ್ನಡವೂ ಅದರಲ್ಲಿ ಸರಾಗ. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಉಚಿತವಾಗಿ ಅಥವಾ ರಿಯಾಯಿತಿ ದರದಲ್ಲಿ ಸೇವೆ ಕೊಡುವ ಯೋಜನೆಗಳು ದೊಡ್ಡ ಕಂಪೆನಿಗಳಲ್ಲೇ ಇವೆ. ಅರ್ಜಿ ಹಾಕುವ ವ್ಯವಧಾನ ಬೇಕು.

ಸಮಿತಿಗಳು ಮಾಡಬೇಕಾದದ್ದು

ಚಂದಾ ಕಟ್ಟಲೇಬೇಕಾದಲ್ಲಿ ಕಟ್ಟುವುದರಲ್ಲಿ ತಪ್ಪಿಲ್ಲ. ಕಟ್ಟುವ ಮೊದಲು ಕೆಲವು ಕ್ರಮಗಳು ಅಗತ್ಯ.

ಮೊದಲನೆಯದಾಗಿ, ಖಾತೆ ಸಂಘದ ಹೆಸರಿನ ಇ-ಮೇಲ್‌ನಲ್ಲಿರಬೇಕು. ಅಧಿಕಾರ ಹಸ್ತಾಂತರದ ದಿನ ಚೆಕ್ ಪುಸ್ತಕ, ಠರಾವು ಪುಸ್ತಕಗಳ ಜೊತೆ ಅದರ ಪಾಸ್‌ವರ್ಡೂ ಮೊಹರಾದ ಲಕೋಟೆಯಲ್ಲಿ ಕೈ ಬದಲಾಗಬೇಕು.

ಎರಡನೆಯದಾಗಿ, ಹಣ ಪಾವತಿ ಸಂಘದ ಖಾತೆಯಿಂದಲೇ ಆಗಬೇಕು. ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಸಮಿತಿಯ ಸಭೆಯಲ್ಲಿ ದಾಖಲಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಗ್ರಾಹಕರ ಪರವಾಗಿದೆ. ಕಾರ್ಡಿನಿಂದ ಕಂತು ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಪ್ರತ್ಯೇಕ ಒಟಿಪಿ ಇಲ್ಲದೆ ಕಡಿತವಾಗುವ ಮೊತ್ತದ ಮಿತಿ ಆಗ 5,000 ಇತ್ತು. 2022ರಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಸೂಚನೆ ಬರುವ ಮೊಬೈಲ್ ಯಾರದ್ದು, ಅವರು ಇನ್ನೂ ಸಮಿತಿಯಲ್ಲಿದ್ದಾರೆಯೇ ಎಂದು ನೋಡಿಕೊಳ್ಳುವುದು ಮಾತ್ರ ಸಂಘದ ಕೆಲಸ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರತಿ ವರ್ಷ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಖಾತೆ ಪುಸ್ತಕ, ಸದಸ್ಯರ ಪಟ್ಟಿ, ವರದಿ, ಸಂಚಿಕೆ ಎಲ್ಲವನ್ನೂ ಸಾಮಾನ್ಯ ಕಡತಗಳಾಗಿ ಹೊರಗೆ ತೆಗೆದು ಎರಡು ಪ್ರತಿ ಮಾಡಬೇಕು. ಒಂದು ಸಂಘದ ಕಚೇರಿಯಲ್ಲಿ, ಇನ್ನೊಂದು ಬೇರೆ ಜಾಗದಲ್ಲಿ. ಮುಖ್ಯ ಲೆಕ್ಕಗಳ ಕಾಗದದ ಪ್ರತಿಯೂ ಇರಲಿ. ಹೀಗೆ ಹೊರತೆಗೆಯಲು ಬಿಡದ ಸೇವೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಹೊರನಾಡಿನಲ್ಲಿ ಸಂಘ ಕಟ್ಟಿದ ಹಿರಿಯರು ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಚಾಳಿನ ಒಂದು ಕೋಣೆಯಲ್ಲಿ ಸಭೆ ನಡೆಸಿದವರು. ಅವರು ಮಸಿಯಲ್ಲಿ ಬರೆದ ಠರಾವು ಪುಸ್ತಕಗಳು ಗೆದ್ದಲು ಹತ್ತದ ಕಡೆ ಇಂದಿಗೂ ಓದಲು ಸಿಗುತ್ತವೆ, ಯಾರಿಗೂ ಚಂದಾ ಕಟ್ಟಬೇಕಾಗಿಲ್ಲ. ಇಂದಿನ ಸಮಿತಿಗಳು ಬರೆದಿಡುವುದೂ ಐವತ್ತು ವರ್ಷಗಳ ನಂತರದವರಿಗೆ ಹಾಗೆಯೇ ತೆರೆದು ಸಿಗಬೇಡವೇ? ಬಾಡಿಗೆ ಮನೆಯಲ್ಲಿ ಸಂಸಾರ ಮಾಡಬಹುದು. ಮುಂಬಯಿಯಲ್ಲಿ ಅರ್ಧ ಜನ್ಮ ಹಾಗೆ ಕಳೆದವರು ಎಷ್ಟೋ ಮಂದಿ. ಆದರೆ ಮನೆ ಬಿಡುವ ದಿನ ಟ್ರಂಕು ತಮ್ಮ ಕೈಯಲ್ಲೇ ಇರುವಂತೆ ಅವರು ನೋಡಿಕೊಂಡಿದ್ದರು.

ಮುಂದಿನ ಮಹಾಸಭೆಯಲ್ಲಿ ಆ ಹಿರಿಯ ಸದಸ್ಯರು ಮತ್ತೆ ಎದ್ದು ನಿಲ್ಲುತ್ತಾರೆ. ಅಷ್ಟರೊಳಗೆ ಅವರ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳುವುದು ಸಮಿತಿಗೆ ಕ್ಷೇಮ.